ಗುಡ್ಡ, ಕೊಳ್ಳ ಮತ್ತು ಚಿಗರಿ

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವುದು ನಮ್ಮ ಕಡೆ ಹೊಸತಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ದಾರಿಗಳಲ್ಲಿ ತಲೆ ಮೇಲೆ ಗಂಟು ಹೊತ್ತವರು, ಚಕ್ಕಡಿ ಹೂಡಿದವರು ಸಾಲುಗಟ್ಟುತ್ತಾರೆ. ಆ ಸಾಲಿನ ಹಿಂದೆ ಯಾರದೂ ಅಲ್ಲದ ಒಂದೆರಡು ನಾಯಿಗಳೂ ಇರುತ್ತವೆ. ಯಾವ ಊರಲ್ಲಿ ಸೇರಿಕೊಂಡವೋ, ಎಲ್ಲಿ ಉಳಿಯುತ್ತವೋ ಕೇಳುವವರಿಲ್ಲ. ಬುತ್ತಿ ಬಿಚ್ಚಿದಲ್ಲಿ ಅವಕ್ಕೂ ಒಂದು ತುಂಡು ರೊಟ್ಟಿ ಸಿಗುತ್ತದೆ. ಹೀಗಾಗಿ ಆ ಎರಡು ಹುಣ್ಣಿಮೆಗಳ ನಡುವಿನ ಚಳಿಯಲ್ಲಿ ನಾನು ಚಿಗರಿಯನ್ನು ಕರೆದುಕೊಂಡು ಹೊರಟಾಗ ನಾಯಿ ಯಾಕೆಂದು ಯಾರೂ ಕೇಳಲಿಲ್ಲ. ಬೆನ್ನಿನ ಚೀಲದಲ್ಲಿ ಏನೈತಿ ಅಂದರು. ಅರ್ಧಕ್ಕಿಂತ ಹೆಚ್ಚು ನೀರೇ ಐತಿ ಅಂದೆ.

ಚಿಗರಿ ಮುಧೋಳ ನಾಯಿ. ಉದ್ದ ಕಾಲು, ಒಳಗೆ ಸೆಳೆದುಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಕಂಡವರಿಗೆ ಹೊಟ್ಟೆಗಿಲ್ಲದ ನಾಯಿ ಅನ್ನಿಸುತ್ತದೆ, ಆದರೆ ಅದರ ಮೈಕಟ್ಟೇ ಹಾಗೆ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಇದು. ಬೇಡರ ಕೈಯಲ್ಲಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇವುಗಳ ಚೀಟಿ ತಂದಿತು. ಈಗ ಹಳ್ಳಿಯ ಹುಡುಗರೂ "ಇದು ಮಿಲ್ಟ್ರಿಯಾಗಿನ ನಾಯಿ ಅಲ್ಲೇನ್ರಿ?" ಅನ್ನುತ್ತಾರೆ. ಅವರ ಮುಖದಲ್ಲಿ ಕಾಣುವ ಅಭಿಮಾನ ನನಗೂ ಸಲ್ಲುತ್ತದೆ ಎಂದುಕೊಂಡು ನಾನು ತಲೆಯೆತ್ತಿ ನಡೆಯುತ್ತೇನೆ.

ನಮ್ಮ ಗುಡ್ಡಗಳಿಗೆ ಸಹ್ಯಾದ್ರಿಯ ಎತ್ತರವಿಲ್ಲ, ನೆರಳೂ ಇಲ್ಲ. ಕೆಂಪು ಬೆರೆತ ಬಿಳಿ ಕಲ್ಲಿನ, ನೆತ್ತಿ ಚಪ್ಪಟೆಯಾದ ಸಾಲುಗಳು ಇವು. ಭೂಗರ್ಭಶಾಸ್ತ್ರದವರು ಇದನ್ನು ಕಲಾದಗಿ ಶಿಲೆ ಅನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಕೂತ ಮರಳು ಗಟ್ಟಿಯಾದದ್ದು. ಕೆಲವು ಬಂಡೆಗಳ ಮೇಲೆ ಆ ನೀರಿನ ತೆರೆಯ ಗೆರೆ ಇನ್ನೂ ಇದೆ. ಹಾಗೆ ಹುಟ್ಟಿದ ಕಲ್ಲಿನ ಮೇಲೆ ಇವತ್ತು ಒಂದು ಬೊಗಸೆ ನೀರು ನಿಲ್ಲುವುದಿಲ್ಲ. ಬಿಸಿಲು ಏರಿದರೆ ಬಂಡೆ ಕಾದುಬಿಡುತ್ತದೆ. ನಮಗೆ ಕಾಲಿಗೆ ಬೂಟು, ಮೈತುಂಬ ಬೆವರು; ನಾಯಿ ಬೆವರುವುದು ಅಂಗಾಲಿನಲ್ಲಿ ಅಷ್ಟೇ, ಉಳಿದ ಸೆಕೆಯನ್ನೆಲ್ಲ ನಾಲಿಗೆ ಚಾಚಿ ತೇಕಿ ಕಳೆಯಬೇಕು. ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲಿಟ್ಟು ತಾಳಿದಷ್ಟು ಹೊತ್ತು ಮಾತ್ರ ನಡಿಗೆ ಎಂದು ನಾವಿಬ್ಬರೂ ಒಪ್ಪಂದಕ್ಕೆ ಬಂದಿದ್ದೆವು.

ಆದ್ದರಿಂದ ಪರಸಗಡವನ್ನು ಹೊತ್ತು ಮೂಡುವ ಮೊದಲೇ ಹತ್ತಿದೆವು. ಸವದತ್ತಿಯಿಂದ ದಕ್ಷಿಣಕ್ಕಿರುವ ಈ ಕೋಟೆಯ ಹೆಸರೇ ಹಿಂದೆ ಇಡೀ ತಾಲೂಕಿಗಿತ್ತು. ಗೋಡೆ ಬಿದ್ದಲ್ಲೆಲ್ಲ ಹುಲ್ಲು, ಕಳ್ಳಿ. ಒಂದು ಮೊಲ ಎದ್ದು ಓಡಿತು. ಚಿಗರಿಯ ಮೈಯೆಲ್ಲ ಬಿಲ್ಲಿನ ಹಾಗೆ ಬಿಗಿದು, ನನ್ನ ತೋಳು ಕಿತ್ತು ಬರುವಷ್ಟು ಜಗ್ಗಿತು. ಹಗ್ಗ ಬಿಡಲಿಲ್ಲ. ಅದರ ಹಿರಿಯರು ಅದಕ್ಕೆಂದೇ ಹುಟ್ಟಿದವರು, ನಿಜ. ಆದರೆ ಉಳಿದಿರುವ ಗುಡ್ಡವೇ ಇಷ್ಟು, ಅದರೊಳಗೆ ಮೊಲ, ನವಿಲು, ಕೌಜುಗ ಬದುಕಬೇಕು. ಬೇಟೆಯಂತೂ 1972ರ ಕಾನೂನಿನಿಂದಲೇ ನಿಂತ ಮಾತು. ನಾಯಿಯನ್ನು ಗುಡ್ಡಕ್ಕೆ ಒಯ್ಯುವವರು ಹಗ್ಗವನ್ನೂ ಒಯ್ಯಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಜೋಗುಳಬಾವಿಯ ಹತ್ತಿರ ಹೊತ್ತೇರಿತ್ತು. ಅಲ್ಲಿ ಮಿಂದು ಗುಡ್ಡ ಹತ್ತುವುದು ಭಕ್ತರ ಪದ್ಧತಿ. ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತಿದ್ದ ಮನೆಯೊಂದರ ಹಿರಿಯಳು ಪಡ್ಲಿಗಿ ತುಂಬಿಸುವ ಗಡಿಬಿಡಿಯಲ್ಲೂ ಕರೆದು, ನನ್ನ ಹಣೆಗೆ ಭಂಡಾರ ಹಚ್ಚಿ, ಚಿಗರಿಯ ಹಣೆಗೂ ಹಚ್ಚಿದಳು. "ಮೈಲಾರಲಿಂಗನ ಕೂಡ ಇರೂದು ನಾಯಿನ ಅಲ್ಲೇನ, ತಮ್ಮಾ" ಅಂದಳು. ಮೈಲಾರನ ಗೊರವರು ದೋಣಿಯಲ್ಲಿ ಹಾಲು ಹಾಕಿ ನಾಯಿಯಂತೆ ಬೊಗಳಿ ಕುಡಿಯುವುದನ್ನು ಎಳವೆಯಲ್ಲಿ ಕಂಡವನು ನಾನು. ಆಗ ಅಂಜಿಕೆಯಾಗಿತ್ತು. ದೇವರ ನಾಯಿಯಾಗುವುದು ಎಷ್ಟು ದೊಡ್ಡ ಪದವಿ ಎಂಬುದು ಆ ಒಲೆಗಳ ಹೊಗೆಯಲ್ಲಿ ಕೂತಾಗ ಹೊಳೆಯಿತು.

ಹೂಲಿಯ ಕಡೆ ಹೊರಳಿದ ಮೇಲೆ ಜನ ಕಡಿಮೆಯಾದರು. ಎರೆಹೊಲದಲ್ಲಿ ಬಿಳಿಜೋಳ ತೆನೆಗಟ್ಟಿತ್ತು, ಬದುವಿನ ಗುಂಟ ಕುಸುಬೆ. ಪಂಚಲಿಂಗೇಶ್ವರ ಗುಡಿಯ ಕಲ್ಲುಕಂಬದ ನೆರಳಿನಲ್ಲಿ ಕೂರುವ ಆಸೆಯಿದ್ದರೂ ನಾಯಿಯೊಂದಿಗೆ ಒಳಗೆ ಹೋಗಲಿಲ್ಲ, ಹೊರಗಿನಿಂದಲೇ ಕೈಮುಗಿದೆ. ಪಕ್ಕದ ಮನೆಯವರು ಕೇಳುವ ಮೊದಲೇ ಬೋಗುಣಿಯಲ್ಲಿ ನೀರಿಟ್ಟರು.

ಆ ರಾತ್ರಿ ಕಳೆದದ್ದು ಕುರಿಗಾರರ ಹತ್ತಿರ. ಸುಗ್ಗಿಯಾದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಅವರ ನಾಯಿಗಳು ದೂರದಿಂದಲೇ ಸುಳಿವು ಹಿಡಿದು ಮುಗಿಬಿದ್ದವು. ಒಬ್ಬ ಮುದುಕ ಕೋಲೂರಿ ಬಂದು ಅವನ್ನು ಗದರಿಸಿ, ಚಿಗರಿ ಕುಂಟುವುದನ್ನು ನನಗಿಂತ ಮೊದಲು ಕಂಡ. ಬಾರಿ ಮುಳ್ಳು ಅಂಗಾಲಿನ ಸಂದಿಯಲ್ಲಿ ಮುರಿದಿತ್ತು. ಇನ್ನೊಂದು ಮುಳ್ಳಿನಿಂದಲೇ ಅದನ್ನು ಎಬ್ಬಿಸಿ ತೆಗೆದು, ಅರಿಷಿಣ ಒತ್ತಿದ. ತೋಳ ಇನ್ನೂ ಬರತಾವೇನು ಅಂದೆ. "ಬರತಾವು. ಅವಕ್ಕೂ ಹೊಟ್ಟಿ ಐತಿ" ಅಂದ. ತನ್ನ ಕುರಿ ಕಳಕೊಂಡವನ ಬಾಯಲ್ಲಿ ಆ ಮಾತು ಕೇಳಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಚಿಗರಿಯ ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ಗಿಡ್ಡ. ಚಳಿಗೆ ನಡುಗಿ ನಡುಗಿ ಕೊನೆಗೆ ಮುದುಕನ ಕಂಬಳಿಯೊಳಗೇ ನುಸುಳಿತು.

ದಾರಿ ಕೇಳಿದರೆ ಅವನು ಮೈಲಿ ಹೇಳಲಿಲ್ಲ. ಯಾವ ಬಾವಿ ಬತ್ತಿದೆ, ಯಾವ ಕೊಳ್ಳದಲ್ಲಿ ಬೇಸಿಗೆಗೂ ಸೆಲೆ ಬತ್ತುವುದಿಲ್ಲ, ಅದನ್ನೇ ಹೇಳಿದ. ನಾಯಿಗಾಗಿ ನೀರು ಹುಡುಕುತ್ತ ಬಂದ ನನಗೂ ಆ ಲೆಕ್ಕವೇ ಬೇಕಾಗಿತ್ತು. ಸುರೇಬಾನದ ಶಬರಿಕೊಳ್ಳವೂ ಅಂಥದೊಂದು ಸೆಲೆಯ ಜಾಗ. ಬೋಳು ಗುಡ್ಡದ ಮಡಿಲಲ್ಲಿ ಮರಗಳ ಗುಂಪು, ಹಳೆಯ ಗುಡಿ, ಹೊಂಡ. ರಾಮನಿಗೆ ಶಬರಿ ಬಾರಿಹಣ್ಣು ಕೊಟ್ಟದ್ದು ಇಲ್ಲಿಯೇ ಎಂದು ಸುತ್ತಲಿನವರ ನಂಬಿಕೆ. ಕಾರಿನಲ್ಲಿ ಬಂದಾಗ ನನಗದು ಒಂದು ಚೆಂದದ ಜಾಗ ಅಷ್ಟೇ ಆಗಿತ್ತು. ಬಿಸಿಲ ಕಲ್ಲು ತುಳಿದು, ಚೀಲದ ಕೊನೆಯ ಬಾಟಲಿ ಖಾಲಿ ಮಾಡಿ, ತೇಕುವ ನಾಯಿಯೊಂದಿಗೆ ಇಳಿದು ಬಂದಾಗ ಗುಡಿ ಇಲ್ಲಿಯೇ ಯಾಕೆ ಎದ್ದಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊಂಡದಿಂದ ಹರಿದು ಹೊರಗೆ ಬಂದ ನೀರಿಗೆ ಚಿಗರಿಯನ್ನು ಬಿಟ್ಟೆ.

ಅಲ್ಲಿಂದ ರಾಮದುರ್ಗಕ್ಕೆ ಟಂಟಂನಲ್ಲಿ ಹೋದೆವು. ಗಾಯ ಮಾಯುವವರೆಗೆ ಹೆಚ್ಚು ನಡೆಸಬಾರದೆಂದು ಪಶುವೈದ್ಯರು ಹೇಳಿದರು. ಬೈಲಹೊಂಗಲ ಕಡೆಯ ಸೊಗಲ ಇನ್ನೂ ಬಾಕಿಯಿದೆ. ಮಳೆಗಾಲದಲ್ಲಿ ಅಲ್ಲಿಯ ಜಲಪಾತ ತುಂಬಿ ಬೀಳುತ್ತದೆ, ಆದರೆ ಆಗ ಎರೆಮಣ್ಣು ನಾಯಿಯ ಬೆರಳಿನ ಸಂದಿಯಲ್ಲಿ ಮೆತ್ತಿ ಗಟ್ಟಿಯಾಗುತ್ತದೆ. ದಸರೆ ಕಳೆದು ನೆಲ ಆರಿರಬೇಕು, ಕೊಳ್ಳದಲ್ಲಿ ನೀರೂ ಉಳಿದಿರಬೇಕು. ಆ ದಿನಗಳಲ್ಲಿ ಹೊರಡುವುದೆಂದು ಗೊತ್ತು ಮಾಡಿದ್ದೇನೆ.