ಕಾಳಜಿ ಹಾಡಿಗೆ ಡ್ರಮ್ಮು

ರಘು ದೀಕ್ಷಿತರ 2013ರ ಆಲ್ಬಮ್ ‘ಜಗ್ ಚಂಗಾ’ ಕೇಳಿದೆ. 2008ರ ಮೊದಲನೇದ್ರಾಗ ಇದ್ದಂಗ ಇದ್ರಾಗೂ ಶಿಶುನಾಳ ಶರೀಫಜ್ಜ ಬಂದಾನ. ಹಿಂದಿ ಹಾಡು ಛಂದ ಅವ, ಅಷ್ಟ. ನಾ ಮತ್ತ ಮತ್ತ ಹಚ್ಚಿದ್ದು ‘ಲೋಕದ ಕಾಳಜಿ’. ಊರ ಚಿಂತಿ ತಲಿಮ್ಯಾಲ ಹೊತ್ಕೊಂಡವ್ರನ್ನ ಕುಟುಕೋ ಹಾಡದು, ಅಂದ್ರ ನನ್ನಂಥಾವ್ರನ್ನ! ದೀಕ್ಷಿತರು ಗಂಟಲ ಬಿಚ್ಚಿ ಹಾಡ್ತಾರ, ಒಂದ ಅಕ್ಷರಾನೂ ನುಂಗೂದಿಲ್ಲ. ಆದ್ರ ಭಜನಿಯೊಳಗ ಏಕತಾರಿ ಹಿಡದವ್ರು ಒಂದ ಸಾಲ ಹಾಡಿ ತಡೀತಾರಲ್ಲ, ಅಲ್ಲೇ ಅಜ್ಜನ ಮಾತು ನಾಟತದ. ಇಲ್ಲೆ ಡ್ರಮ್ಮು ತಡೀಲಿಕ್ಕೆ ಬಿಡೂದಿಲ್ಲ. ಕಾಳಜಿನ ಇಲ್ಲದವ್ರು ಹಾಡಿಧಂಗ ಅನಸತದ.

ಖರೆ, ಬೆಂಗಳೂರಾಗಿರೋ ನನ್ನ ಮಗಾ ಭಜನಿಗೆ ಎಂದೂ ಕೂತಾಂವಲ್ಲ. ಈ ಹಾಡು ಕೇಳೇ ‘ಅವ್ವಾ, ಇದರ ಅರ್ಥ ಏನ’ ಅಂತ ಫೋನ್ ಮಾಡಿದ. ಅರ್ಧಾ ತಾಸು ಬಿಡಿಸಿ ಹೇಳಿದೆ. ಇಡೂ ಮುಂದ, ಉಂಡೀಯಿಲ್ಲೋ ಅಂತನೂ ಕೇಳಿದೆ.