ಮೂರು ತಿಂಗಳಿಗೊಂದು ಸೂಜಿ

ಮಗಳಿಗೆ ಏಳು ತುಂಬಿತ್ತಷ್ಟೆ. ಎಣ್ಣೆ ಹಚ್ಚುವಾಗ ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವು ಎಂದಳು. ಜೂನ್‌ನಲ್ಲಿ ಹೊಲಿಸಿದ ಯೂನಿಫಾರಂ ದಸರೆಯ ಹೊತ್ತಿಗೇ ಗಿಡ್ಡವಾಗಿತ್ತು. "ನಮ್ಮ ಕಡೆ ಹೆಣ್ಣುಮಕ್ಕಳು ಬೇಗ ಬೆಳೀತಾರೆ ಬಿಡು" ಎಂದರು ಅತ್ತೆ. ಕೆಲವು ತಿಂಗಳ ನಂತರ ಶಿವಮೊಗ್ಗದ ಮಕ್ಕಳ ಡಾಕ್ಟರು ಎಡಗೈಯ ಎಕ್ಸ್‌ರೇ ತೆಗೆಸಿದರು. ಏಳೂವರೆಯ ಹುಡುಗಿಯ ಮೂಳೆಗೆ ಹತ್ತರ ಪ್ರಾಯ! ಹುಡುಗಿಯರಲ್ಲಿ 8ಕ್ಕೆ ಮೊದಲು, ಹುಡುಗರಲ್ಲಿ 9ಕ್ಕೆ ಮೊದಲು ಪ್ರೌಢಾವಸ್ಥೆಯ ಈ ಬದಲಾವಣೆ ಶುರುವಾದರೆ ಪರೀಕ್ಷೆ ಮಾಡಿಸಲೇಬೇಕೆಂದು ಬೆಂಗಳೂರಿಗೆ ಬರೆದುಕೊಟ್ಟರು.

ಅಲ್ಲಿ ಹಾರ್ಮೋನ್ ಪರೀಕ್ಷೆಗೆಂದು ಮತ್ತೆ ಮತ್ತೆ ರಕ್ತ ತೆಗೆದರು, ಮೆದುಳಿನ ಎಂಆರ್‌ಐ ಮಾಡಿದರು. ಗಡ್ಡೆ ಇರಲಿಲ್ಲ. ಹುಡುಗಿಯರಲ್ಲಿ ಬಹಳಷ್ಟು ಸಲ ಕಾರಣವೇ ಸಿಗುವುದಿಲ್ಲವಂತೆ. ಹಾಗೇ ಬಿಟ್ಟರೆ ಮುಟ್ಟು ಬೇಗ ಬರುತ್ತದೆ, ಮೂಳೆ ಬೇಗ ಬಲಿತು ಎತ್ತರ ಅಲ್ಲಿಗೇ ನಿಲ್ಲುತ್ತದೆ ಎಂದರು. ಅದನ್ನು ತಡೆಯಲು ಸೂಜಿ ಬರೆದರು: ಲ್ಯುಪ್ರೊಲೈಡ್ 11.25 ಮಿಲಿಗ್ರಾಂ, ಮೂರು ತಿಂಗಳಿಗೊಮ್ಮೆ. ಮೆದುಳು ಪಿಟ್ಯುಟರಿ ಗ್ರಂಥಿಗೆ ಬಿಟ್ಟು ಬಿಟ್ಟು ಕೊಡುವ ಸೂಚನೆಯನ್ನೇ ಈ ಔಷಧಿ ಬಿಡುವಿಲ್ಲದೆ ಕೊಡುತ್ತದೆ. ಗ್ರಂಥಿ ಮೊದಲು ಕೆರಳುತ್ತದೆ, ಆಮೇಲೆ ಓಗೊಡುವುದನ್ನೇ ನಿಲ್ಲಿಸುತ್ತದೆ.

ಆ ಕೆರಳುವಿಕೆ ಏನೆಂದು ಮೊದಲ ಸೂಜಿಯ ನಂತರ ತಿಳಿಯಿತು. ಒಂದು ಬೆಳಿಗ್ಗೆ ಚಡ್ಡಿಯಲ್ಲಿ ರಕ್ತ. ಯಾವುದನ್ನು ತಡೆಯಲು ಹೊರಟಿದ್ದೆವೋ ಅದೇ ಬಂದಿತ್ತು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ಧೈರ್ಯವಾಗಿದ್ದೆ. ಅವಳು ಮಾತ್ರ "ಎಲ್ಲಿ ಗಾಯ ಆಗಿದೆಯಮ್ಮಾ?" ಎಂದು ಹುಡುಕುತ್ತಿದ್ದಳು. ಕೆಲವೇ ದಿನದಲ್ಲಿ ನಿಂತಿತು, ಮತ್ತೆ ಬರಲಿಲ್ಲ.

ಆಮೇಲೆ ಬೆವರು ಶುರುವಾಯಿತು. ಚಳಿಗಾಲದ ರಾತ್ರಿ ಹೊದಿಕೆ ಒದ್ದು ಎದ್ದು ಕೂರುತ್ತಿದ್ದಳು. ಮುಖ ಕೆಂಪು, ಕತ್ತೆಲ್ಲ ಒದ್ದೆ. "ಇದು ಮುಟ್ಟು ನಿಲ್ಲೋ ವಯಸ್ಸಲ್ಲಿ ನನಗೆ ಆಗಿದ್ದು, ಈ ಕೂಸಿಗ್ಯಾಕೆ ಬಂತೇ?" ಎಂದಳು ನನ್ನಮ್ಮ. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇಬ್ಬರಲ್ಲೂ ಈಸ್ಟ್ರೋಜೆನ್ ಇಳಿದದ್ದೇ ಕಾರಣ. ಜೊತೆಗೆ ಸಿಟ್ಟು, ಅಳು. ಪೆನ್ಸಿಲ್ ಮುರಿದರೂ ಗಂಟೆಗಟ್ಟಲೆ ಅಳುತ್ತಿದ್ದಳು. "ನಂಗೆ ಅಳು ಬೇಡಮ್ಮ, ಅದೇ ಬರುತ್ತೆ" ಎನ್ನುತ್ತಿದ್ದಳು. ಕ್ಲಾಸ್ ಟೀಚರಿಗೆ ಎಲ್ಲ ಹೇಳಿದೆ. ಅವರು ಅವಳನ್ನು ಬೈಯುವುದು ಬಿಟ್ಟರು, ಅಷ್ಟೇ ಸಾಕಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಸೂಜಿ ಚುಚ್ಚಿದ ಜಾಗ. ಒಂದು ಸಲ ತೊಡೆ ಗಟ್ಟಿಯಾಗಿ ಊದಿ ಕೀವು ತುಂಬಿತು. ಕೊಯ್ದು ತೆಗೆಸಬೇಕಾಯಿತು. ಕೀವಿನಲ್ಲಿ ರೋಗಾಣು ಸಿಗಲಿಲ್ಲ. ನಿಧಾನ ಕರಗಲೆಂದು ಔಷಧಿಯೊಡನೆ ಸೇರಿಸಿರುವ ವಸ್ತುವಿಗೇ ಕೆಲವರ ಮೈ ಹೀಗೆ ತಿರುಗಿಬೀಳುತ್ತದಂತೆ. ಅಲ್ಲಿಂದ ಮುಂದೆ ಬಸ್ ಸ್ಟ್ಯಾಂಡ್ ಕಂಡರೇ ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಸೂಜಿ ಬದಲಿಸಿ, ತಿಂಗಳಿಗೊಮ್ಮೆ ಕೊಡುವ ಟ್ರಿಪ್ಟೊರೆಲಿನ್ ಬರೆದರು. ಊತ ಮರುಕಳಿಸಲಿಲ್ಲ. ಓಡಾಟ, ಖರ್ಚು ಮಾತ್ರ ಹೆಚ್ಚಿತು.

ಮಧ್ಯೆ ತಲೆನೋವು ಬಿಡದೆ ಕಾಡಿತು. ಬಿಸಿಲೆಂದೋ ಹಸಿವೆಂದೋ ಅಂದುಕೊಳ್ಳುವಂಥ ನೋವು. ಡಾಕ್ಟರು ಅಂದೇ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಈ ಗುಂಪಿನ ಔಷಧಿ ಪಡೆದ ಕೆಲವು ಮಕ್ಕಳಲ್ಲಿ ತಲೆಬುರುಡೆಯೊಳಗೆ ಒತ್ತಡ ಏರಿದ್ದು ಕಂಡು, 2022ರಲ್ಲಿ ಅಮೆರಿಕದ ಎಫ್‌ಡಿಎ ಔಷಧಿಯ ಲೇಬಲ್ಲಿಗೆ ಎಚ್ಚರಿಕೆ ಸೇರಿಸಿದೆ. ತಲೆನೋವಿನೊಂದಿಗೆ ವಾಂತಿ, ಕಣ್ಣು ಮಂಜಾಗುವುದು, ಕಿವಿಯಲ್ಲಿ ಮೊರೆತ ಇದ್ದರೆ ಕಾಯಬಾರದು. ಮಗಳ ಕಣ್ಣಿನ ನರದಲ್ಲಿ ಊತವಿರಲಿಲ್ಲ. ನೋವು ತಾನಾಗಿ ಕಡಿಮೆಯಾಯಿತು.

ಹನ್ನೊಂದಕ್ಕೆ ಸೂಜಿ ನಿಲ್ಲಿಸಿದರು. ವರ್ಷ ಕಳೆದ ಮೇಲೆ, ಗೆಳತಿಯರ ಜೊತೆಜೊತೆಗೇ ದೊಡ್ಡವಳಾದಳು. ಮುಂದೆ ಮಕ್ಕಳಾಗುವುದಿಲ್ಲ ಎಂದು ಹೆದರಿಸಿದ್ದ ನೆಂಟರು ಆರತಿಗೆ ಬಂದು ಉಂಡು ಹೋದರು. ಎತ್ತರದಲ್ಲಿ ಈಗ ನನ್ನನ್ನು ದಾಟಿದ್ದಾಳೆ. ತೊಡೆಯ ಮೇಲೆ ಕಲೆ ಇದೆ.

ಸೂಜಿ ಹಾಕಿಸಲೋ ಬೇಡವೋ ಎಂದು ತಾಯಂದಿರು ನನ್ನನ್ನು ಕೇಳುತ್ತಾರೆ. ಅದನ್ನು ಹೇಳಬೇಕಾದವರು ಡಾಕ್ಟರು. ನಾನು ಹೇಳುವುದಿಷ್ಟೇ: ಮೊದಲ ಸೂಜಿಗೆ ಮುಂಚೆಯೇ ರಕ್ತ, ಬೆವರು, ಅಳು, ಊತ, ತಲೆನೋವು, ಒಂದೊಂದನ್ನೂ ಕೇಳಿ ಬರೆದುಕೊಳ್ಳಿ. ಮಗುವಿಗೂ ಅದರ ಭಾಷೆಯಲ್ಲಿ ಹೇಳಿಡಿ. ನೋವು ಅಂದಾಗ ನಾಟಕ ಅನ್ನಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.