ಅರಳುಮರಳೆಂಬ ಮಾತು ಮತ್ತು ಮಿದುಳಿನ ಚಿತ್ರ

ನಮ್ಮ ತೆರಕಣಾಂಬಿಯ ಕಡೆ ವೃದ್ಧರೊಬ್ಬರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ ‘ಅರಳುಮರಳು’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಆ ಮಾತಿನಲ್ಲಿ ಕನಿಕರವಿದೆ, ತುಸು ನಗೆಯೂ ಇದೆ, ವಿಚಾರಣೆಯೊಂದೇ ಇಲ್ಲ. ವಯಸ್ಸಿನ ಸಹಜ ಮರೆವು ಬೇರೆ, ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ರೋಗ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು.

ನಮ್ಮ ದೊಡ್ಡಮ್ಮನವರು ಪ್ರಾತಃಕಾಲದ ಲಿಂಗಪೂಜೆ ಮುಗಿಸಿ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪುನಃ ಮಡಿಯುಟ್ಟು ಪೂಜೆಗೆ ಕುಳಿತುಕೊಳ್ಳುತ್ತಿದ್ದರು. ಬಾಲ್ಯದಲ್ಲಿ ಕಲಿತ ವಚನಗಳು ಅವರ ನಾಲಿಗೆಯ ಮೇಲೆ ಒಂದಕ್ಷರವೂ ತಪ್ಪದೆ ನಿಂತಿದ್ದವು. ಬೆಳಗಿನ ಉಪಾಹಾರವಾಯಿತೇ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಭಕ್ತಿ ಹೆಚ್ಚಿತೆಂದು ಕೆಲವರು, ಗಾಳಿ ಸೋಕಿತೆಂದು ಮತ್ತೆ ಕೆಲವರು ಹೇಳಿದರು. ಗುಂಡ್ಲುಪೇಟೆಯ ವೈದ್ಯರೊಬ್ಬರು ಮಾತ್ರ ರಕ್ತಪರೀಕ್ಷೆ ಮಾಡಿಸಿ, ಮೈಸೂರಿಗೆ ಹೋಗಿ ಮಿದುಳಿನ ಎಂ.ಆರ್.ಐ. ಚಿತ್ರ ತೆಗೆಸಿಕೊಂಡು ಬನ್ನಿರೆಂದರು.

ಇಲ್ಲಿ ನಮ್ಮ ಮನೆಗಳಿಗೇ ವಿಶಿಷ್ಟವಾದ ತೊಡಕೊಂದು ಎದುರಾಯಿತು. ಈ ಯಂತ್ರವು ಕ್ಷಕಿರಣವನ್ನು ಬಳಸುವುದಿಲ್ಲ. ಪ್ರಬಲವಾದ ಅಯಸ್ಕಾಂತದ ನೆರವಿನಿಂದ ದೇಹದೊಳಗಿನ ನೀರಿನ ಅಂಶವನ್ನು ಗುರುತಿಸಿ ಚಿತ್ರ ರಚಿಸುತ್ತದೆ. ಅದರ ಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು. ಆದುದರಿಂದ ಮೈಮೇಲೆ ಲೋಹದ ವಸ್ತುವೇನೂ ಇರಕೂಡದು. ತಾಳಿ, ಕಾಲುಂಗುರ, ಬಳೆಗಳ ಜೊತೆಗೆ ಬೆಳ್ಳಿಯ ಕರಡಿಗೆಯನ್ನೂ ತೆಗೆಯಬೇಕು. ಹುಟ್ಟಿದಂದಿನಿಂದ ಅಂಗವನ್ನಗಲದ ಲಿಂಗವನ್ನು ತೆಗೆಯೆಂದರೆ ಎಂಬತ್ತರ ಹತ್ತಿರದ ಹಿರಿಯಳು ಒಪ್ಪಿಯಾಳೆ? ನಾವು ಮೊದಲೇ ಆಸ್ಪತ್ರೆಯವರಲ್ಲಿ ವಿಚಾರಿಸಿದೆವು. ಒಳಗೆ ಏನು ಹೋಗಬಹುದೆಂಬುದನ್ನು ಯಂತ್ರ ನಡೆಸುವವರೇ ತೀರ್ಮಾನಿಸಬೇಕು, ಅದರಲ್ಲಿ ವಾದ ಸಲ್ಲದು ಎಂಬುದು ಸ್ಪಷ್ಟವಾಯಿತು. ಕಿರಿಯ ಸೊಸೆ ಸ್ನಾನ ಮಾಡಿ ವಿಭೂತಿ ಧರಿಸಿ ಬಂದು, ದೊಡ್ಡಮ್ಮನವರ ಕೈಯಿಂದಲೇ ಇಷ್ಟಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಸ್ವೀಕರಿಸಿ, ಅರ್ಧ ಗಂಟೆ ತನ್ನ ಅಂಗೈಯಲ್ಲೇ ಇಟ್ಟುಕೊಂಡು ಹೊರಗೆ ಕುಳಿತಳು. “ನಿನ್ನ ಕೈಲಿದ್ದರೆ ನನ್ನ ಕೈಲಿದ್ದಂತೆಯೇ ಕಣವ್ವ” ಎಂದ ದೊಡ್ಡಮ್ಮ, ಒಳಗಿನ ಕರ್ಕಶ ಶಬ್ದಕ್ಕೂ ಅಲುಗದೆ ಮಲಗಿದರು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಮೈಯಲ್ಲಿ ಲೋಹದ ಸಲಾಕೆಯಿರುವವರು ಅದನ್ನು ಮುಂಚೆಯೇ ತಿಳಿಸಬೇಕು.

ಚಿತ್ರದಿಂದ ಆಗುವ ಮೊದಲ ಉಪಕಾರವೆಂದರೆ ಗುಣವಾಗಬಲ್ಲ ಕಾರಣಗಳು ಬೆಳಕಿಗೆ ಬರುವುದು. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿ, ವಾರಗಟ್ಟಲೆ ಮಿದುಳಿನ ಹೊದಿಕೆಯಡಿ ರಕ್ತ ಜಿನುಗಿ ನಿಂತರೂ ವೃದ್ಧರಿಗೆ ಮರುಳು ಹಿಡಿದಂತಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ಹೊರತೆಗೆದರೆ ಚೇತರಿಸಿಕೊಳ್ಳುವುದುಂಟು. ಮಿದುಳಿನಲ್ಲಿ ನೀರು ತುಂಬಿರುವುದು, ಗಡ್ಡೆ, ಯಾರ ಗಮನಕ್ಕೂ ಬಾರದ ಸಣ್ಣ ಸಣ್ಣ ಪಾರ್ಶ್ವವಾಯು ಆಘಾತಗಳು ಕೂಡ ಕಾಣುತ್ತವೆ. ಆಲ್ಝೈಮರ್ ರೋಗದಲ್ಲಾದರೆ ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕುಗ್ಗಿರುತ್ತದೆ. ಹಳೆಯ ವಚನ ಉಳಿದು ಬೆಳಗಿನ ಉಪ್ಪಿಟ್ಟು ಮರೆತುಹೋಗುವುದಕ್ಕೆ ಇದೇ ಕಾರಣ.

ಚಿತ್ರಕ್ಕೆ ಕಾಣದ್ದನ್ನು ರಕ್ತ ಹೇಳುವುದುಂಟು. ಬಿ-12 ಜೀವಸತ್ವದ ಕೊರತೆಯೂ ಥೈರಾಯ್ಡ್ ದೋಷವೂ ಮರೆವನ್ನು ತರುತ್ತವೆ. ಬಿ-12 ಸಸ್ಯಾಹಾರದಲ್ಲಿಲ್ಲ, ನಮ್ಮಂಥವರಿಗೆ ಅದು ಹಾಲು ಮೊಸರುಗಳಿಂದಲೇ ಬರಬೇಕು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಶಾಕಾಹಾರವನ್ನು ವ್ರತವಾಗಿ ಪಾಲಿಸುವ ನಮ್ಮ ಮನೆಗಳ ಹಿರಿಯರು ಈ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕೆಂಬುದು ನಮ್ಮ ಆಗ್ರಹ.

ಆದರೆ ಯಂತ್ರವು ಮನಸ್ಸನ್ನೇ ಕಾಣುತ್ತದೆಂದು ತಿಳಿಯಬಾರದು. ಸ್ಕಿಜೋಫ್ರೀನಿಯಾದಂಥ ಕಾಯಿಲೆಯಿರುವ ತರುಣನ ಮಿದುಳಿನ ಚಿತ್ರ ವೈದ್ಯರ ಕಣ್ಣಿಗೆ ಸಹಜವಾಗಿಯೇ ತೋರಬಹುದು. ‘ರಿಪೋರ್ಟ್ ಚೆನ್ನಾಗಿದೆ, ಇವನು ನಟಿಸುತ್ತಿದ್ದಾನೆ’ ಎಂದು ಅವನನ್ನು ಗದರಿಸುವುದು ಘೋರ ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಇಂಥ ರೋಗಗಳಲ್ಲಿ ಗಮನ, ಸ್ಮರಣೆ, ವಿವೇಚನೆಗಳು ಏಕೆ ಮಂಕಾಗುತ್ತವೆಂಬುದನ್ನು ಚಿತ್ರಗಳ ಮೂಲಕ ಶೋಧಿಸುತ್ತಿದ್ದಾರೆ. ಕೆಲಸ ಮಾಡುವ ಮಿದುಳಿನ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಆ ಬದಲಾವಣೆಯನ್ನು ಹಿಡಿಯುವ ಬಗೆಯನ್ನು 1990ರಲ್ಲಿ ಸೈಜಿ ಒಗಾವ ತೋರಿಸಿಕೊಟ್ಟರು. ಹಲವು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದಾಗ ವ್ಯತ್ಯಾಸ ಕಾಣುತ್ತದೆ. ಒಬ್ಬನೊಬ್ಬನ ಚಿತ್ರ ನೋಡಿಯೇ ರೋಗವಿದೆ, ಇಲ್ಲ ಎನ್ನುವ ಮಟ್ಟಕ್ಕೆ ಅದಿನ್ನೂ ಬಂದಿಲ್ಲ. ಮನೆಯವರು ಕಂಡದ್ದನ್ನು ವೈದ್ಯರಿಗೆ ಬಿಚ್ಚಿ ಹೇಳುವುದಕ್ಕೆ ಬದಲಿಲ್ಲ.

ಇನ್ನೊಂದು ಸಂಗತಿ. ಈ ವಿದ್ಯೆಯ ಬಹುಪಾಲು ತಿಳಿವಳಿಕೆ ಪಾಶ್ಚಾತ್ಯರ ಮಿದುಳುಗಳಿಂದ ಬಂದುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂ.ಆರ್.ಐ. ಎಲ್ಲವೂ ಅದರಲ್ಲಿ ಸೇರಿವೆ. ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿದ ನಮ್ಮವರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದನ್ನು ಅಮೆರಿಕೆಯ ಚಿತ್ರಗಳು ಹೇಳಲಾರವಷ್ಟೆ.

ದೊಡ್ಡಮ್ಮನವರ ಚಿತ್ರದಲ್ಲಿ ರಕ್ತಸ್ರಾವವಿರಲಿಲ್ಲ, ಗಡ್ಡೆಯಿರಲಿಲ್ಲ. ಹಿಪ್ಪೊಕ್ಯಾಂಪಸ್ ಎರಡೂ ಕಡೆ ಕುಗ್ಗಿತ್ತು. ಬಿ-12 ಕಡಿಮೆಯಿದ್ದುದರಿಂದ ಚುಚ್ಚುಮದ್ದು ಕೊಟ್ಟರು. ನಿತ್ರಾಣ ತಗ್ಗಿತು, ಮರೆವು ಉಳಿಯಿತು. ಮನೆಯಲ್ಲಿ ಆದ ಬದಲಾವಣೆ ಬೇರೆ. ‘ಈಗ ತಾನೆ ಪೂಜೆ ಆಯ್ತಲ್ಲ, ಎಷ್ಟು ಸಲ ಹೇಳೋದು’ ಎಂಬ ಗದರಿಕೆ ನಿಂತಿತು. ಎರಡನೆಯ ಬಾರಿ ಅವರು ಮಣೆ ಹಾಕಿಕೊಂಡಾಗ ಸೊಸೆ ಸುಮ್ಮನೆ ಪತ್ರೆ ತಂದಿಡುತ್ತಾಳೆ.